ಮನೆಗೆಲಸ ಮುಗಿಸಿ ಮನೆಗೆಲಸ: ಇಂಗ್ಲಿಷ್ ಹೋಂವರ್ಕ್‌ನ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ ಕೊಡ್ತೀನಿ. ಫೋನ್ ಹೇಗೂ ಕೈಯಲ್ಲೇ ಇದೆ. ‘ಹೋಂವರ್ಕ್ ಕಂಡುಹಿಡಿದವರು ಯಾರು?’ ಅಂತ ಒಮ್ಮೆ ಹುಡುಕಿ ನೋಡಿ.

ರಾಬರ್ಟೊ ನೆವಿಲಿಸ್ ಅನ್ನೋ ಹೆಸರು ಸಿಗುತ್ತೆ. ಇಟಲಿಯ ವೆನಿಸ್‌ನ ಒಬ್ಬ ಮೇಷ್ಟ್ರು, 1905ರಲ್ಲಿ, ಓದದ ಮಕ್ಕಳಿಗೆ ಶಿಕ್ಷೆ ಕೊಡೋಕೆ ಹೋಂವರ್ಕ್ ಕಂಡುಹಿಡಿದ ಅಂತ ಕಥೆ. ಇವನನ್ನ ಬೈದು ಮಾಡಿದ ಮೀಮ್‌ಗಳನ್ನ ನೀವೂ ನೋಡಿರ್ತೀರಿ, ಶೇರ್ ಕೂಡ ಮಾಡಿರ್ತೀರಿ. ತಮಾಷೆ ಏನಂದ್ರೆ, ಇಂಥ ಮೇಷ್ಟ್ರು ಒಬ್ಬರು ಬದುಕಿದ್ದರು ಅನ್ನೋದಕ್ಕೆ ಯಾವ ದಾಖಲೆಯೂ ಇಲ್ಲ. ಇದು ಇಂಟರ್‌ನೆಟ್ಟಿನಲ್ಲೇ ಹುಟ್ಟಿ ಅಲ್ಲೇ ಬೆಳೆದ ಕಥೆ. ಸುಳ್ಳು ಅಂತ ತೋರಿಸೋದೂ ಸುಲಭ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 15 ವರ್ಷದೊಳಗಿನ ಶಾಲಾ ಮಕ್ಕಳಿಗೆ ಹೋಂವರ್ಕ್ ಕೊಡಬಾರದು ಅಂತ ಕಾನೂನು ಮಾಡಿದ್ದು 1901ರಲ್ಲಿ. 1905ರಲ್ಲಿ ಹುಟ್ಟಿದ್ದನ್ನ 1901ರಲ್ಲೇ ನಿಷೇಧ ಮಾಡೋಕೆ ಆಗುತ್ತಾ?

ಅಂದ್ರೆ ಹೋಂವರ್ಕ್‌ಗೆ ಒಬ್ಬ ವಿಲನ್ ಇಲ್ಲ. ಆದರೆ ಅದಕ್ಕೊಂದು ಇತಿಹಾಸ ಇದೆ. ಅದರಲ್ಲೂ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಹೋಂವರ್ಕ್‌ಗೆ ಇರೋ ಇತಿಹಾಸವೇ ಬೇರೆ. ಇವತ್ತು ಅದನ್ನ ಹೇಳ್ತೀನಿ. ಇದನ್ನ ಹುಡುಕಿಕೊಂಡು ಹೊರಡೋ ಹಾಗೆ ಮಾಡಿದ್ದು ಒಂದು ಹಳೇ ನೋಟ್‌ಬುಕ್. ನನ್ನ ಅಕ್ಕನದು.

ಕೆಂಪು ಟಿಕ್‌ಗಳ ನೋಟ್‌ಬುಕ್

ನಮ್ಮದು ರಾಮನಗರದ ಕಡೆಯ ಹಳ್ಳಿ, ರೇಷ್ಮೆ ಸಾಕೋ ಮನೆ. ಕಳೆದ ವರ್ಷ ಹಳೇ ಮನೆಯ ಅಟ್ಟ ಖಾಲಿ ಮಾಡ್ತಿದ್ದಾಗ ಒಂದು ಟ್ರಂಕಿನಲ್ಲಿ ಅಕ್ಕನ ಹತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್ಸ್ ಸಿಕ್ಕಿತು. 2001ನೇ ಇಸವಿಯದು. ಕಂದು ಬಣ್ಣದ ಬೈಂಡ್ ಹಾಕಿ, ಮೇಲೆ ಲೇಬಲ್ ಅಂಟಿಸಿದ್ದಳು. ಒಳಗೆ ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ. ಪ್ರತಿ ಪಾಠಕ್ಕೂ ಹೊಸ ಪದಗಳು ಐದೈದು ಸಲ, ಆಮೇಲೆ ಪ್ರಶ್ನೋತ್ತರ, ಆಮೇಲೆ ಪದ್ಯದ ಸಾರಾಂಶ, ಆಮೇಲೆ ರಜಾ ಅರ್ಜಿ, ಪ್ರಬಂಧ. ಪ್ರತಿ ಪುಟದ ಕೆಳಗೂ ಕೆಂಪು ಇಂಕಿನ ಟಿಕ್, ಮೇಷ್ಟ್ರ ಸಹಿ, ತಾರೀಖು. ಇಡೀ ಪುಸ್ತಕದಲ್ಲಿ ಒಂದೂ ತಪ್ಪಿಲ್ಲ.

ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕ ಒಂದೇ ಒಂದು ವಿಷಯದಲ್ಲಿ ಫೇಲಾದಳು. ಇಂಗ್ಲಿಷ್. 100ಕ್ಕೆ 27. ಕನ್ನಡದಲ್ಲಿ 125ಕ್ಕೆ 108 ತೆಗೆದಿದ್ದಳು.

ಆ ನೋಟ್‌ಬುಕ್ ಹಿಡಿದು ಅಟ್ಟದ ಮೇಲೇ ಕೂತುಬಿಟ್ಟೆ. ಒಂದೂ ತಪ್ಪಿಲ್ಲದ ಹೋಂವರ್ಕ್ ಬರೆದ ಹುಡುಗಿ ಫೇಲಾಗೋದು ಹೇಗೆ? ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ನಕ್ಕಳು. “ಅದು ಓದಿದ್ದಲ್ಲ ಕಣೋ, ಬರೆದಿದ್ದು. ಬೋರ್ಡ್ ಮೇಲೆ ಏನಿತ್ತೋ ಅದನ್ನ ಇಳಿಸ್ಕೊಂಡೆ. ರಂಗೋಲಿ ಚುಕ್ಕಿ ನೋಡ್ಕೊಂಡು ಹಾಕ್ತೀವಲ್ಲ, ಹಾಗೆ” ಅಂದಳು.

ಓದೋದಕ್ಕೆ ಹೊತ್ತಾದರೂ ಎಲ್ಲಿತ್ತು? ರೇಷ್ಮೆ ಹುಳ ಪೊರೆ ಬಿಡೋದನ್ನ ನಮ್ಮ ಕಡೆ ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊಟ್ಟೆಬಾಕತನ. ಮನೆ ತುಂಬ ಜಡಿಮಳೆ ಸುರಿದ ಹಾಗೆ ಸೊಪ್ಪು ಮೇಯುವ ಸದ್ದು. ರಾತ್ರಿ ಹನ್ನೊಂದಕ್ಕೂ ಸೊಪ್ಪು ಹಾಕಬೇಕು. ಅದಕ್ಕೂ ಮೊದಲು ನೀರು, ಪಾತ್ರೆ, ಕೊಟ್ಟಿಗೆ. ಅದೆಲ್ಲ ಅಕ್ಕನ ಪಾಲು. ನಾನು ಗಂಡು ಹುಡುಗ, ಚಿಕ್ಕವನು ಬೇರೆ. ಬುಡ್ಡಿ ಪಕ್ಕ ಕೂತು ಮಗ್ಗಿ ಹೇಳ್ತಿದ್ದೆ.

ಕನ್ನಡದಲ್ಲಿ ಹೋಂವರ್ಕ್‌ಗೆ ‘ಮನೆಗೆಲಸ’ ಅಂತೀವಿ. ಮನೆಯ ಕೆಲಸಕ್ಕೂ ‘ಮನೆಗೆಲಸ’ ಅಂತೀವಿ. ಹುಡುಗರಿಗೆ ಇದು ಒಂದು ಶಬ್ದ, ಎರಡು ಅರ್ಥ. ನನ್ನ ಅಕ್ಕನಿಗೆ ಒಂದು ಮುಗಿಸಿ ಇನ್ನೊಂದು.

ಹಾಗಾದ್ರೆ ನನ್ನ ಪ್ರಶ್ನೆ ಇದು: ಅರ್ಥವೇ ಆಗದೆ ಪುಟಗಟ್ಟಲೆ ಬರೆಯೋ ಈ ಪದ್ಧತಿ ನಮ್ಮ ಇಂಗ್ಲಿಷ್ ಕ್ಲಾಸಿಗೆ ಬಂದಿದ್ದು ಎಲ್ಲಿಂದ?

ಪರೀಕ್ಷೆ ಮದ್ರಾಸಿನಲ್ಲಿ, ಓದು ಇಲ್ಲಿ

ಮೊದಲು ಇಂಗ್ಲಿಷ್ ಬರೋಕಿಂತ ಹಿಂದಕ್ಕೆ ಹೋಗೋಣ. ನಮ್ಮಲ್ಲಿ ಕೂಲಿಮಠಗಳಿದ್ದವು. ಮರಳಿನ ಮೇಲೆ ಅಕ್ಷರ ತಿದ್ದೋದು, ಮಗ್ಗಿ, ಬಾಯಿಪಾಠ. ಅಲ್ಲೂ ಕಂಠಪಾಠವೇ, ಅಲ್ಲೂ ಬೆತ್ತವೇ. ಅದೇನು ಸ್ವರ್ಗ ಆಗಿರಲಿಲ್ಲ, ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲೂ ತೆರೆದಿರಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ಬಾಯಿಪಾಠ ಮನೆಗೆ ಬಂದರೆ ಅದು ಮನೆಯವರ ಕಿವಿಗೂ ಬೀಳ್ತಿತ್ತು. ನಮ್ಮಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ನಾನು ಹದಿಮೂರರ ಮಗ್ಗಿಯಲ್ಲಿ ಎಡವಿದರೆ ಒಲೆ ಮುಂದೆ ಕೂತೇ “ಏಯ್, ಇನ್ನೊಂದ್ ಸಲ ಹೇಳು” ಅಂತಿದ್ದಳು. ಅಕ್ಷರ ಬರದ ಅಜ್ಜಿಯೂ ನನ್ನ ಹೋಂವರ್ಕ್ ಚೆಕ್ ಮಾಡಬಲ್ಲವಳಾಗಿದ್ದಳು.

ಇಂಗ್ಲಿಷ್ ಬಂದ ಮೇಲೆ ಈ ದಾರಿ ಮುಚ್ಚಿಹೋಯಿತು.

ಇಸವಿಗಳನ್ನ ಬೇಗ ಹೇಳ್ತೀನಿ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. 1835ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿ ಬರೆದ. ಸರ್ಕಾರದ ಹಣ ಇಂಗ್ಲಿಷ್ ಶಿಕ್ಷಣಕ್ಕೆ ಹೋಗಬೇಕು ಅಂತ ತೀರ್ಮಾನ ಆಯಿತು. ಮೆಕಾಲೆ ಹೆಸರು ಎಲ್ಲರಿಗೂ ಗೊತ್ತು. ಆದರೆ ನನ್ನ ಲೆಕ್ಕದಲ್ಲಿ ನಮ್ಮ ಕ್ಲಾಸ್‌ರೂಮಿಗೆ ಹೆಚ್ಚು ಮುಖ್ಯವಾದ ಇಸವಿ 1844. ಆಗ ಗವರ್ನರ್ ಜನರಲ್ ಆಗಿದ್ದವನು ಹಾರ್ಡಿಂಜ್. ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಅಂತ ಅವನ ಸರ್ಕಾರ ಘೋಷಿಸಿತು. ಅಲ್ಲಿಗೆ ಇಂಗ್ಲಿಷ್ ಬರೀ ಭಾಷೆ ಆಗಿ ಉಳೀಲಿಲ್ಲ, ಸಂಬಳದ ಬಾಗಿಲಾಯಿತು.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಬಂದವು. ಅವುಗಳ ಜೊತೆಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ. ಮರುವರ್ಷ, 1858ರಲ್ಲಿ, ಬೆಂಗಳೂರಿನಲ್ಲಿ ಹೈಸ್ಕೂಲ್ ಶುರುವಾಯಿತು. ಅದೇ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಆದರೆ ಪರೀಕ್ಷೆಯ ಯಜಮಾನಿಕೆ ನಮ್ಮದಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟುವವರೆಗೂ ಮೈಸೂರು ಸೀಮೆಯ ಹುಡುಗರು ಬರೀಬೇಕಾಗಿದ್ದು ಮದ್ರಾಸಿನ ಪರೀಕ್ಷೆ. ಧಾರವಾಡದ ಕಡೆಯವರಿಗೆ ಬೊಂಬಾಯಿಯದು.

ಈಗ ಮೇಷ್ಟ್ರ ಜಾಗದಲ್ಲಿ ನಿಂತು ಯೋಚಿಸಿ. ಪ್ರಶ್ನೆಪತ್ರಿಕೆ ಎಲ್ಲೋ ದೂರದಲ್ಲಿ ತಯಾರಾಗುತ್ತೆ. ಮೌಲ್ಯಮಾಪನ ಮಾಡೋರು ನಿಮ್ಮ ಹುಡುಗನ ಮುಖ ನೋಡಿಲ್ಲ. ಅವನು ಮಾತಾಡ್ತಾನಾ, ಅರ್ಥ ಮಾಡ್ಕೊಂಡಿದಾನಾ ಅನ್ನೋದು ಅವರಿಗೆ ಗೊತ್ತಾಗಲ್ಲ. ಅವರಿಗೆ ಕಾಣೋದು ಹಾಳೆ ಮಾತ್ರ. ಸಾಲದ್ದಕ್ಕೆ ಮದ್ರಾಸ್ ಪ್ರಾಂತ್ಯದಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿಯೂ ಇತ್ತು. ಮಕ್ಕಳು ಪಾಸಾದಷ್ಟೂ ಶಾಲೆಗೆ ದುಡ್ಡು. ಇಂಥ ವ್ಯವಸ್ಥೆಯಲ್ಲಿ ಮೇಷ್ಟ್ರು ಏನು ಮಾಡ್ತಾರೆ? ಹಾಳೆ ಮೇಲೆ ಸರಿಯಾಗಿ ಕಾಣೋದನ್ನ ಅಭ್ಯಾಸ ಮಾಡಿಸ್ತಾರೆ. ಉತ್ತರ ಬರೆಸ್ತಾರೆ, ಮತ್ತೆ ಬರೆಸ್ತಾರೆ, ಮನೆಗೂ ಕೊಟ್ಟು ಕಳಿಸ್ತಾರೆ.

ಅವರನ್ನ ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಗುಮಾಸ್ತನ ಕೆಲಸಕ್ಕೆ ಬೇಕಾಗಿದ್ದೂ ಅದೇ ತಾನೇ? ದುಂಡನೆ ಅಕ್ಷರ, ತಪ್ಪಿಲ್ಲದ ಸ್ಪೆಲಿಂಗ್, ವಿಧೇಯತೆಯ ಅರ್ಜಿ. ನಾವು ಇವತ್ತಿಗೂ ಇಂಗ್ಲಿಷ್ ಹೋಂವರ್ಕ್‌ನಲ್ಲಿ ರಜಾ ಅರ್ಜಿ ಬರೀತೀವಲ್ಲ, ಅದರ ವಿಧೇಯತೆಯ ಧಾಟಿಯಲ್ಲಿ ಕಚೇರಿಯ ವಾಸನೆ ಇನ್ನೂ ಇದೆ.

ಇಂಗ್ಲಿಷ್‌ನಲ್ಲಿ ಫೇಲಾದ ಇಂಗ್ಲಿಷ್ ಲೇಖಕ

ಈ ಪರೀಕ್ಷೆಯ ಜರಡಿ ಎಂಥದ್ದು ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಮೈಸೂರಿನದ್ದೇ.

1920ರ ದಶಕದ ನಡುವೆ ಮೈಸೂರಿನಲ್ಲಿ ಒಬ್ಬ ಹುಡುಗ ಹೈಸ್ಕೂಲ್ ಮುಗಿಸಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದ. ಇಂಗ್ಲಿಷ್‌ನಲ್ಲಿ ಫೇಲಾದ. ಆ ಹುಡುಗನ ಹೆಸರು ಆರ್. ಕೆ. ನಾರಾಯಣ್. ಹೌದು, ಮಾಲ್ಗುಡಿಯ ಆರ್. ಕೆ. ನಾರಾಯಣ್. ಮುಂದೆ ಇಂಗ್ಲಿಷ್‌ನಲ್ಲಿ ಬರೆದು ಜಗತ್ತಿಗೆಲ್ಲ ಗೊತ್ತಾದವರು. 1935ರಲ್ಲಿ ಬಂದ ಅವರ ಮೊದಲ ಕಾದಂಬರಿಯ ನಾಯಕ ಸ್ವಾಮಿ ಅನ್ನೋ ಸ್ಕೂಲ್ ಹುಡುಗ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿಯಲ್ಲಿ ನೀವೂ ಅವನನ್ನ ನೋಡಿರಬಹುದು.

ಸಾಮಾನ್ಯವಾಗಿ ಈ ಕಥೆಯನ್ನ ‘ಫೇಲಾದರೂ ಚಿಂತೆಯಿಲ್ಲ, ದೊಡ್ಡವರಾಗಬಹುದು’ ಅಂತ ಹೇಳಿ ಮುಗಿಸ್ತಾರೆ. ರೀಲ್ಸ್‌ನಲ್ಲಿ ಹಿನ್ನೆಲೆ ಸಂಗೀತ ಹಾಕಿ ಹೇಳೋ ಥರ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಫೇಲಾದ ಆ ವರ್ಷ ನಾರಾಯಣ್ ಏನು ಮಾಡಿದರು? ಮನೆಯಲ್ಲಿದ್ದು ಓದಿದರು. ಪಠ್ಯ ಅಲ್ಲ, ಕಥೆ, ಕಾದಂಬರಿ, ನಾಟಕ, ಮನಸ್ಸಿಗೆ ಬಂದಿದ್ದು. ಪುಸ್ತಕ ಎಲ್ಲಿಂದ ಬಂತು? ಅವರ ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಶಾಲೆಯ ಲೈಬ್ರರಿಯೇ ಮನೆಗೆ ಬಂದ ಹಾಗಿತ್ತು.

ಪರೀಕ್ಷೆ ಇಬ್ಬರನ್ನೂ ಫೇಲ್ ಮಾಡಿತು, ನಾರಾಯಣ್ ಅವರನ್ನೂ, ನನ್ನ ಅಕ್ಕನನ್ನೂ. ಅವರ ಪ್ರತಿಭೆಗೆ ಅಕ್ಕನನ್ನ ಹೋಲಿಸ್ತಿಲ್ಲ, ಬರೀ ಮನೆಗೆ ಮನೆಯನ್ನ ಹೋಲಿಸ್ತಿದ್ದೀನಿ. ಒಂದು ಮನೆಯಲ್ಲಿ ಫೇಲಾದ ವರ್ಷ ಅಂದ್ರೆ ಓದಿನ ವರ್ಷ. ಇನ್ನೊಂದು ಮನೆಯಲ್ಲಿ ಫೇಲಾದ ವರ್ಷ ಅಂದ್ರೆ ಎರಡು ಬೆಳೆ ಹುಳ ಜಾಸ್ತಿ, ಆಮೇಲೆ ಗಂಡು ನೋಡೋದು. ‘ಹೋಂವರ್ಕ್’ ಅನ್ನೋ ಪದದಲ್ಲಿ ಎಲ್ಲರೂ ‘ವರ್ಕ್’ ಎಷ್ಟು ಅಂತ ಜಗಳ ಆಡ್ತಾರೆ. ‘ಹೋಂ’ ಎಂಥದ್ದು ಅಂತ ಯಾರೂ ಕೇಳಲ್ಲ.

ಸರೆಂಡರ್ ವ್ಯಾಲ್ಯೂ

ಯಾರೂ ಕೇಳಲಿಲ್ಲ ಅಂದೆ, ತಪ್ಪು. ಒಬ್ಬರು ಕೇಳಿದ್ದರು. ನಾರಾಯಣ್ ಫೇಲಾದ ಕಾಲದಲ್ಲೇ, ದೇಶದ ಇನ್ನೊಂದು ಮೂಲೆಯಲ್ಲಿ, ಈಗಿನ ಬಾಂಗ್ಲಾದೇಶದ ಢಾಕಾದಲ್ಲಿ. ಹೆಸರು ಮೈಕೇಲ್ ವೆಸ್ಟ್. ಶಿಕ್ಷಕರಿಗೆ ತರಬೇತಿ ಕೊಡೋ ಕಾಲೇಜಿನಲ್ಲಿದ್ದ ಬ್ರಿಟಿಷ್ ಅಧಿಕಾರಿ. 1926ರಲ್ಲಿ ಬಂಗಾಳದ ಮಕ್ಕಳ ಇಂಗ್ಲಿಷ್ ಕಲಿಕೆ ಬಗ್ಗೆ ಒಂದು ದೊಡ್ಡ ವರದಿ ಬರೆದರು. ಅದರಲ್ಲಿ ವಿಮೆಯವರ ಒಂದು ಮಾತನ್ನ ತಂದು ಶಿಕ್ಷಣಕ್ಕೆ ಅಂಟಿಸಿದರು: ‘ಸರೆಂಡರ್ ವ್ಯಾಲ್ಯೂ’.

ಮನೆಯಲ್ಲಿ ಎಲ್‌ಐಸಿ ಪಾಲಿಸಿ ಇದ್ರೆ ಈ ಪದ ಕೇಳಿರ್ತೀರಿ. ಅವಧಿ ಮುಗಿಯೋ ಮುಂಚೆ ಪಾಲಿಸಿ ಬಿಟ್ಟರೆ ಕೈಗೆ ಎಷ್ಟು ಬರುತ್ತೆ ಅನ್ನೋ ಲೆಕ್ಕ. ವೆಸ್ಟ್ ಕೇಳಿದ್ದು ಇಷ್ಟೇ: ಇಂಗ್ಲಿಷ್ ಕಲಿಯೋಕೆ ಶುರು ಮಾಡಿದ ಮಕ್ಕಳಲ್ಲಿ ಬಹಳ ಮಂದಿ ನಡುವೆಯೇ ಶಾಲೆ ಬಿಡ್ತಾರೆ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಬಿಟ್ಟ ಹುಡುಗನ ಕೈಯಲ್ಲಿ ಏನುಳಿಯುತ್ತೆ? ಕೊನೇ ತನಕ ಹೋದವನಿಗೆ ಮಾತ್ರ ಲಾಭ ಕೊಡೋ ಪಾಠ ಆದ್ರೆ, ಉಳಿದವರ ವರ್ಷಗಳೆಲ್ಲ ನೀರಲ್ಲಿ ಹೋಮ. ಅದಕ್ಕೇ ಅವರು ಮೊದಲು ಓದೋದು ಕಲಿಸಿ ಅಂದರು. ಕಡಿಮೆ ಪದಗಳಲ್ಲಿ ಬರೆದ, ಮಕ್ಕಳಿಗೆ ರುಚಿಸೋ ಕಥೆ ಪುಸ್ತಕ ಕೊಡಿ, ತಾವೇ ಓದ್ಕೊಳ್ಳೋ ಹಾಗೆ ಮಾಡಿ ಅಂದರು. ಅಂಥ ಪುಸ್ತಕಗಳನ್ನ ತಾವೇ ತಯಾರಿಸಿದರು ಕೂಡ.

ನಾನು ಅಕ್ಕನ ಸರೆಂಡರ್ ವ್ಯಾಲ್ಯೂ ಲೆಕ್ಕ ಹಾಕಿದೆ. ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಐದನೇ ಕ್ಲಾಸಿನಿಂದ ಶುರು. ಒಂದನೇ ಕ್ಲಾಸಿನಿಂದ ಬಂದಿದ್ದು 2007ರ ಹೊತ್ತಿಗೆ. ಅಂದ್ರೆ ಅಕ್ಕ ಆರು ವರ್ಷ ಇಂಗ್ಲಿಷ್ ಓದಿದಳು. ಆರು ವರ್ಷದ ಪ್ರೀಮಿಯಂ ಕಟ್ಟಿದ ಮೇಲೆ ಅವಳ ಕೈಗೆ ಬಂದಿದ್ದೇನು? ಇಪ್ಪತ್ತಾರು ಅಕ್ಷರ, ತನ್ನ ಹೆಸರು, ಬ್ಲೀಚಿಂಗ್ ಪೌಡರ್ ಚೀಲದ ಮೇಲಿನ ಒಂದೆರಡು ಪದ. ಒಂದು ಪುಟ್ಟ ಕಥೆ ಓದಿ ನಗುವಷ್ಟು ಇಂಗ್ಲಿಷ್ ಕೂಡ ಉಳೀಲಿಲ್ಲ.

ಇತ್ತ 1930ರ ದಶಕದಲ್ಲಿ ಇನ್ನೊಂದು ಪುಸ್ತಕ ಬಂತು. ರೆನ್ ಅಂಡ್ ಮಾರ್ಟಿನ್. ಕೆಂಪು ರಟ್ಟಿನ ಆ ದಪ್ಪ ಗ್ರಾಮರ್ ಪುಸ್ತಕ ಇವತ್ತಿಗೂ ಅಂಗಡಿಗಳಲ್ಲಿದೆ. ರೆನ್ ಅನ್ನೋನು ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವನು. ಸಾಹಸದ ಕಾದಂಬರಿ ಬರೆದೂ ಹೆಸರು ಮಾಡಿದ್ದ. ಒಳ್ಳೇ ಪುಸ್ತಕವೇ, ನಾನೂ ಅದರಲ್ಲಿ ಕಲಿತಿದ್ದೀನಿ. ನಿಯಮ, ಉದಾಹರಣೆ, ಅಭ್ಯಾಸ. ಹೋಂವರ್ಕ್ ಕೊಡೋದು ಎಷ್ಟು ಸುಲಭ ನೋಡಿ: ‘ಇಂಥ ನಂಬರ್ ಎಕ್ಸರ್‌ಸೈಜ್ ಬರ್ಕೊಂಡು ಬನ್ನಿ’. ಅದರ ಉತ್ತರಗಳಿಗೆಲ್ಲ ‘ಕೀ’ ಅಂತ ಬೇರೆ ಪುಸ್ತಕವೇ ಇದೆ. ಕೀ ಇದ್ದವನು ಬಾಗಿಲು ತೆಗೆದ. ನಮ್ಮೂರಿನಲ್ಲಿ ಕೀ ಬದಲು ಗೈಡ್ ಇತ್ತು. ಗೈಡ್ ಕೊಳ್ಳೋಕೆ ಆಗದವರಿಗೆ ಬೋರ್ಡ್ ಇತ್ತು.

ಬೆಂಗಳೂರಿನಲ್ಲೇ ಸಿಕ್ಕಿದ್ದ ಉತ್ತರ

ಇನ್ನು ನನಗೆ ಅತಿ ಹೆಚ್ಚು ಬೇಜಾರು ಮಾಡಿದ ಭಾಗಕ್ಕೆ ಬರ್ತೀನಿ.

ಬೆಂಗಳೂರಿನಲ್ಲಿ 1963ರಿಂದ ಒಂದು ಸಂಸ್ಥೆ ಇದೆ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡೋ ಜಾಗ. ಈಗ ಜ್ಞಾನಭಾರತಿ ಆವರಣದಲ್ಲಿದೆ. ಎನ್. ಎಸ್. ಪ್ರಭು ಅನ್ನೋರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. 1979ರಲ್ಲಿ ಅವರು ಈ ಸಂಸ್ಥೆಯ ಜೊತೆ ಸೇರಿ ಒಂದು ಪ್ರಯೋಗ ಶುರು ಮಾಡಿದರು. ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲಿ, ಮಾಮೂಲಿ ಮಕ್ಕಳ ಜೊತೆ, 1984ರ ತನಕ. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಹೆಸರು.

ಏನು ಮಾಡಿದರು? ಗ್ರಾಮರ್ ಪಾಠದ ಪಟ್ಟಿಯನ್ನೇ ತೆಗೆದು ಪಕ್ಕಕ್ಕಿಟ್ಟರು. ಬದಲಿಗೆ ಒಂದು ರೈಲ್ವೆ ಟೈಂಟೇಬಲ್ ಕೊಟ್ಟರು. ಇಷ್ಟು ಗಂಟೆಗೆ ಅಲ್ಲಿರಬೇಕು ಅಂದ್ರೆ ಯಾವ ರೈಲು ಹಿಡಿಯಬೇಕು? ಒಂದು ನಕ್ಷೆ ಕೊಟ್ಟರು, ದಾರಿ ಹುಡುಕಿ ಅಂದರು. ಒಂದು ವಂಶವೃಕ್ಷ, ಒಂದು ಕ್ಯಾಲೆಂಡರ್. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಸಮಸ್ಯೆ ಬಿಡಿಸ್ತಿದ್ದರು, ಆಮೇಲೆ ಅದೇ ಥರದ್ದನ್ನ ಮಕ್ಕಳು ತಾವೇ ಬಿಡಿಸ್ತಿದ್ದರು. ತಿದ್ದೋವಾಗ ನೋಡ್ತಿದ್ದಿದ್ದು ಉತ್ತರ ಸರಿಯಾಗಿದೆಯಾ ಅಂತ, ಇಂಗ್ಲಿಷ್ ಚಂದ ಇದೆಯಾ ಅಂತಲ್ಲ. ಸಮಸ್ಯೆ ಎಷ್ಟು ಕಷ್ಟ ಇರಬೇಕು ಅನ್ನೋದಕ್ಕೂ ಒಂದು ಅಳತೆ ಇತ್ತು: ಕ್ಲಾಸಿನ ಅರ್ಧದಷ್ಟು ಮಕ್ಕಳಿಗಾದರೂ ಅದರಲ್ಲಿ ಅರ್ಧದಷ್ಟಾದರೂ ಬರಬೇಕು. ಹಿಂದಿನ ಯೋಚನೆ ಸರಳ. ಮಗು ಅರ್ಥದ ಹಿಂದೆ ಬಿದ್ದಾಗ ಭಾಷೆ ತಾನಾಗಿ ಹಿಂದೆಯೇ ಬರುತ್ತೆ.

ಇಂಥ ಕೆಲಸದಲ್ಲಿ ರಂಗೋಲಿ ಇಳಿಸೋಕೆ ಆಗಲ್ಲ. ಟೈಂಟೇಬಲ್ ಓದಿ ಅರ್ಥ ಆಗದೇ ಇದ್ರೆ ರೈಲು ತಪ್ಪುತ್ತೆ, ಅಷ್ಟೇ.

ಇದರ ಬಗ್ಗೆ ಪ್ರಭು 1987ರಲ್ಲಿ ಪುಸ್ತಕ ಬರೆದರು. ಜಗತ್ತಿನ ಬೇರೆ ಬೇರೆ ಕಡೆ ‘ಟಾಸ್ಕ್’ ಆಧಾರಿತ ಕಲಿಕೆ ಅಂತ ಇವತ್ತು ಏನು ನಡೀತಿದೆಯೋ, ಅದರ ಚರಿತ್ರೆಯ ಮೊದಲ ಪುಟಗಳಲ್ಲಿ ಬೆಂಗಳೂರಿನ ಹೆಸರಿದೆ. ನಮ್ಮೂರಿಗೂ ಬೆಂಗಳೂರಿಗೂ ಐವತ್ತು ಕಿಲೋಮೀಟರ್ ಆಸುಪಾಸು. ಪ್ರಯೋಗ ಮುಗಿದು ಹದಿನೇಳು ವರ್ಷ ಆದಮೇಲೂ ನನ್ನ ಅಕ್ಕ ಹೊಸ ಪದಗಳನ್ನ ಐದೈದು ಸಲ ಬರೀತಾ ಇದ್ದಳು. ವಿದೇಶಕ್ಕೆ ಹೋಗಿ ಮುಟ್ಟಿದ ವಿಚಾರ ಮೈಸೂರು ರಸ್ತೆ ಹಿಡಿದು ನಮ್ಮೂರಿಗೆ ಬರಲಿಲ್ಲ. ಯಾಕೆ ಅಂದ್ರೆ ಕೊನೆಯಲ್ಲಿ ಕೂತಿದ್ದ ಪರೀಕ್ಷೆ ಬದಲಾಗಿರಲಿಲ್ಲ. ಪರೀಕ್ಷೆ ಹಾಳೆ ನೋಡುತ್ತೆ ಅಂದಮೇಲೆ ಮೇಷ್ಟ್ರೂ ಹಾಳೆಯನ್ನೇ ನೋಡ್ತಾರೆ.

ರಾಜ್ಯಸಭೆಯಲ್ಲಿ ಸ್ಕೂಲ್ ಬ್ಯಾಗ್

ಆರ್. ಕೆ. ನಾರಾಯಣ್ ಈ ಕಥೆಗೆ ಇನ್ನೊಂದು ಸಲ ಬರ್ತಾರೆ. 1986ರಲ್ಲಿ ಅವರನ್ನ ರಾಜ್ಯಸಭೆಗೆ ನಾಮಕರಣ ಮಾಡಿದರು. 1989ರಲ್ಲಿ ಅಲ್ಲಿ ಎದ್ದು ನಿಂತು ಮೊದಲ ಭಾಷಣ ಮಾಡಿದರು. ಅಷ್ಟು ದೊಡ್ಡ ಲೇಖಕರು ಸಾಹಿತ್ಯದ ಬಗ್ಗೆ ಮಾತಾಡ್ತಾರೆ ಅಂತ ಯಾರಾದ್ರೂ ಅಂದ್ಕೋತಾರೆ. ಅವರು ಮಾತಾಡಿದ್ದು ಸ್ಕೂಲ್ ಬ್ಯಾಗ್ ಬಗ್ಗೆ. ಬೆನ್ನು ಬಗ್ಗಿಸಿಕೊಂಡು ಹೋಗೋ ಮಕ್ಕಳ ಬಗ್ಗೆ, ಮನೆಗೆ ಬಂದ ಮೇಲೂ ಮುಗಿಯದ ಅವರ ದುಡಿಮೆ ಬಗ್ಗೆ.

ಆ ಮಾತು ಅಲ್ಲಿಗೇ ಸಾಯಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1993ರಲ್ಲಿ ಅದರ ವರದಿ ಬಂತು. ಹೊರೆಯಿಲ್ಲದ ಕಲಿಕೆ ಅನ್ನೋದೇ ಅದರ ಶೀರ್ಷಿಕೆ. ಆ ವರದಿ ಹೇಳಿದ ಒಂದು ಮಾತಿನ ಸಾರವನ್ನ ನೆನಪಿಟ್ಟುಕೊಳ್ಳಿ. ಬ್ಯಾಗಿನ ಭಾರಕ್ಕಿಂತ ದೊಡ್ಡ ಭಾರ ಅಂದ್ರೆ ಅರ್ಥವಾಗದಿರುವಿಕೆ. ಕೆಜಿ ಲೆಕ್ಕದಲ್ಲಿ ಅದನ್ನ ತೂಗೋಕೆ ಆಗಲ್ಲ.

ಆದರೆ ಸರ್ಕಾರಗಳಿಗೆ ತೂಗೋಕೆ ಆಗೋದೇ ಇಷ್ಟ. 2019ರಲ್ಲಿ ಕರ್ನಾಟಕದಲ್ಲಿ ಸುತ್ತೋಲೆ ಬಂತು: ಒಂಬತ್ತು, ಹತ್ತನೇ ಕ್ಲಾಸಿನವರ ಬ್ಯಾಗು 4ರಿಂದ 5 ಕೆಜಿ ಮೀರಬಾರದು. 2020ರಲ್ಲಿ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿ ಬಂತು. ಎರಡನೇ ಕ್ಲಾಸಿನ ತನಕ ಹೋಂವರ್ಕ್ ಬೇಡ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಒಂಬತ್ತರಿಂದ ಹನ್ನೆರಡಕ್ಕೆ ದಿನಕ್ಕೆ 2 ಗಂಟೆ. ಲೆಕ್ಕ ಹಾಕಿ. ಹತ್ತನೇ ಕ್ಲಾಸಿಗೆ ಆರು ವಿಷಯ. 2 ಗಂಟೆ ಅಂದ್ರೆ ಒಂದೊಂದಕ್ಕೆ 20 ನಿಮಿಷ.

ಒಳ್ಳೇದೇ, ಮಿತಿ ಬೇಕು. ಆದರೆ ಆ 20 ನಿಮಿಷದಲ್ಲಿ ಇಂಗ್ಲಿಷ್ ಹೋಂವರ್ಕ್ ಏನು ಮಾಡಿಸಬೇಕು? ಐದೈದು ಸಲ ಬರೆಸಬೇಕಾ, ಒಂದು ಪುಟ ಓದಿ ಅರ್ಥ ಹೇಳಿಸಬೇಕಾ? ಇದನ್ನ ಯಾವ ತಕ್ಕಡಿಯೂ ತೂಗಲ್ಲ. ನಿಯಮಕ್ಕೆ ಹೊತ್ತು ಮಾತ್ರ ಕಾಣುತ್ತೆ.

ಅಕ್ಕ ಸಹಿ ಹಾಕಲ್ಲ

ಈಗ 2001 ಅಲ್ಲ, ಗೊತ್ತು. ಈಗ ಹೋಂವರ್ಕ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುತ್ತೆ. ಕೋವಿಡ್ ಕಾಲದಲ್ಲಿ ಒಂದೇ ಫೋನಿಗೆ ಮೂರು ಮಕ್ಕಳು ಕಾದು ಕೂತಿದ್ದನ್ನ ನೀವೂ ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ಆ ಮೂರರಲ್ಲಿ ಒಬ್ಬರಾಗಿರಬಹುದು. ಈಗಂತೂ ಪ್ರಶ್ನೆಯ ಫೋಟೊ ಹೊಡೆದರೆ ಎಐ ಎರಡು ಸೆಕೆಂಡಿನಲ್ಲಿ ಉತ್ತರ ಕೊಡುತ್ತೆ. ಇದರಿಂದ ಮಕ್ಕಳು ಕೆಟ್ಟುಹೋದರು ಅಂತ ದೊಡ್ಡವರು ಗಾಬರಿ ಆಗಿದ್ದಾರೆ. ನನಗೆ ಅಷ್ಟೊಂದು ಗಾಬರಿ ಇಲ್ಲ. ಕೀ ಪುಸ್ತಕ ಇತ್ತು, ಗೈಡ್ ಇತ್ತು, ಬೋರ್ಡ್ ಇತ್ತು, ಈಗ ಫೋನ್ ಬಂತು. ಅರ್ಥ ಆಗದೆ ಇಳಿಸಿಕೊಳ್ಳೋದನ್ನ ಫೋನ್ ಕಂಡುಹಿಡಿದಿಲ್ಲ, ಬೇಗ ಮಾಡಿದೆ ಅಷ್ಟೇ. ಫೋನಿನಿಂದ ಇಳಿಸಿ ಮುಗಿಸಬಹುದಾದ ಹೋಂವರ್ಕ್ ಇವತ್ತಿಗೂ ಕೊಡ್ತಿದ್ದೀವಿ ಅಂದ್ರೆ ತಪ್ಪು ಫೋನಿನದ್ದಲ್ಲ.

ಅಕ್ಕನ ಮಗಳು ಈಗ ಎಂಟನೇ ಕ್ಲಾಸು. ಕಳೆದ ಸಲ ಅವರ ಮನೆಗೆ ಹೋದಾಗ ಆ ಹುಡುಗಿ ಫೋನ್ ನೋಡ್ಕೊಂಡು ಇಂಗ್ಲಿಷ್ ಪ್ರಶ್ನೋತ್ತರ ಬರೀತಿತ್ತು. ಅಕ್ಷರ ಥೇಟ್ ಅಕ್ಕನದ್ದೇ. ಮುಗಿಸಿ, ಸಹಿ ಹಾಕಮ್ಮ ಅಂತ ಪುಸ್ತಕ ಚಾಚಿತು.

ಅಕ್ಕ ಪುಸ್ತಕ ತಗೊಳ್ಳಲಿಲ್ಲ. ಚಪಾತಿ ಲಟ್ಟಿಸ್ತಾನೇ ಕೇಳಿದಳು: “ಏನ್ ಬರ್ದೆ?”

“ಪಾಠದ್ದು.”

“ಪಾಠದಲ್ಲಿ ಏನಾಯ್ತು ಹೇಳು. ಕನ್ನಡದಲ್ಲೇ ಹೇಳು.”

ಹುಡುಗಿ ನನ್ನ ಮುಖ ನೋಡಿತು. ನಾನು ಚಾವಣಿ ನೋಡಿದೆ. ಆಮೇಲೆ ಫೋನ್ ಪಕ್ಕಕ್ಕಿಟ್ಟು, ಪಠ್ಯಪುಸ್ತಕ ತೆಗೆದು, ಬೆರಳಿಟ್ಟು ಓದೋಕೆ ಶುರು ಮಾಡಿತು. ತೊಡಕಾದ ಕಡೆ ನನ್ನನ್ನ ಕೇಳಿತು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹಿಡೀತು, ನೀತಿ ಮೀರಿದ್ವಿ. ಕೊನೆಗೆ ಕಥೆಯನ್ನ ಕನ್ನಡದಲ್ಲಿ ಹೇಳಿತು. ಅಕ್ಕ ನಡುವೆ ನಿಲ್ಲಿಸಿ, “ಅವನ್ಯಾಕೆ ಹಂಗ್ ಮಾಡ್ದ?” ಅಂದಳು. ಹುಡುಗಿ ಮತ್ತೆ ಪುಸ್ತಕಕ್ಕೆ ಹೋಗಿ ಹುಡುಕಿತು.

27 ಮಾರ್ಕ್ಸ್ ತೆಗೆದ ನನ್ನ ಅಕ್ಕ ಇಂಗ್ಲಿಷ್ ಹೋಂವರ್ಕ್ ಚೆಕ್ ಮಾಡ್ತಿದ್ದಳು. ಒಲೆ ಮುಂದೆ ಕೂತು ನನ್ನ ಮಗ್ಗಿ ತಿದ್ದಿದ ಅಜ್ಜಿ ನೆನಪಾದಳು. ಮನೆಯವರಿಗೆ ಇಂಗ್ಲಿಷ್ ಬರಲ್ಲ ಅನ್ನೋದು ದೊಡ್ಡ ಅಡ್ಡಿ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಅಡ್ಡಿ ಹೌದು. ಆದರೆ ಅರ್ಥ ಕೇಳೋ ಹೋಂವರ್ಕ್ ಆದ್ರೆ ಇಂಗ್ಲಿಷ್ ಬರದ ಮನೆಯೂ ಅದರಲ್ಲಿ ಪಾಲು ತಗೋಬಹುದು. ಹಾಳೆ ಕೇಳೋ ಹೋಂವರ್ಕ್ ಮಾತ್ರ ಅಂಥ ಮನೆಯನ್ನ ಹೊರಗೆ ನಿಲ್ಲಿಸುತ್ತೆ.

ಕಥೆ ಮುಗಿದ ಮೇಲೆ ಅಕ್ಕ ಕೈ ಒರೆಸ್ಕೊಂಡು ಸಹಿ ಹಾಕಿದಳು. ಕನ್ನಡದಲ್ಲಿ. ಪಾತ್ರೆ ತೊಳೆಯೋ ಸರದಿ ನನ್ನದಾಯಿತು. ಮನೆಗೆಲಸದಲ್ಲಿ ನನ್ನ ಬಾಕಿ ಬಹಳ ಇದೆ.

ನಿಮ್ಮ ಮನೆಯಲ್ಲೂ ತಮ್ಮನೋ ತಂಗಿಯೋ ಇದ್ರೆ, ಇವತ್ತು ರಾತ್ರಿ ಹೋಂವರ್ಕ್ ಆದಮೇಲೆ ಒಂದೇ ಪ್ರಶ್ನೆ ಕೇಳಿ ನೋಡಿ: ಏನ್ ಬರ್ದೆ?